ದೂರದೃಷ್ಟಿಯ ಲೇಸರ್ ಶಸ್ತ್ರಚಿಕಿತ್ಸೆ ಮತ್ತು ಕಣ್ಣಿನ ರಚನೆ

ದೂರದೃಷ್ಟಿಯ ಲೇಸರ್ ಶಸ್ತ್ರಚಿಕಿತ್ಸೆಯು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದ ಆಕಾರವನ್ನು ಲೇಸರ್ ಕಿರಣದಿಂದ ಮಾರ್ಪಡಿಸಿ, ಹತ್ತಿರದ ವಸ್ತುಗಳು ಮಸುಕಾಗಿ ಕಾಣುವ ದೋಷವನ್ನು ನಿವಾರಿಸುವ ಚಿಕಿತ್ಸೆಯಾಗಿದೆ. ಇದರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಲೇಸಿಕ್ ವಿಧಾನ. ಸಮೀಪದೃಷ್ಟಿಯ ಚಿಕಿತ್ಸೆಯಲ್ಲಿ ಕಾರ್ನಿಯಾದ ನಡುಭಾಗವನ್ನು ತೆಳುಗೊಳಿಸಿ ಚಪ್ಪಟೆ ಮಾಡಿದರೆ, ದೂರದೃಷ್ಟಿಯ ಚಿಕಿತ್ಸೆಯಲ್ಲಿ ನಡುಭಾಗವನ್ನು ಬಿಟ್ಟು ಅದರ ಸುತ್ತಲಿನ ಉಂಗುರಾಕಾರದ ಭಾಗದಿಂದ ಅಂಗಾಂಶವನ್ನು ತೆಗೆಯಲಾಗುತ್ತದೆ. ಇದರಿಂದ ನಡುಭಾಗವು ಹೆಚ್ಚು ಉಬ್ಬಿದಂತಾಗಿ ಬೆಳಕನ್ನು ಹೆಚ್ಚು ಬಾಗಿಸುತ್ತದೆ.

ಈ ಚಿಕಿತ್ಸೆಯು ದೋಷದ ಮೂಲವನ್ನು ಮುಟ್ಟುವುದಿಲ್ಲ. ದೂರದೃಷ್ಟಿಯ ಕಣ್ಣುಗುಡ್ಡೆ ಸಾಮಾನ್ಯವಾಗಿ ಗಿಡ್ಡವಾಗಿರುತ್ತದೆ. ಶಸ್ತ್ರಚಿಕಿತ್ಸೆಯ ನಂತರವೂ ಅದು ಗಿಡ್ಡವಾಗಿಯೇ ಉಳಿಯುತ್ತದೆ. ಕನ್ನಡಕ ಬೇಡವಾದರೂ ಗಿಡ್ಡ ಕಣ್ಣಿಗೆ ಸಂಬಂಧಿಸಿದ ಅಪಾಯಗಳು ಉಳಿದಿರುತ್ತವೆ. ಜೊತೆಗೆ, ಮಾರ್ಪಟ್ಟ ಕಾರ್ನಿಯಾವು ಮುಂದಿನ ಕೆಲವು ಪರೀಕ್ಷೆ ಮತ್ತು ಚಿಕಿತ್ಸೆಗಳ ಲೆಕ್ಕವನ್ನು ಬದಲಿಸುತ್ತದೆ.

ಪದಬಳಕೆ

ಕನ್ನಡದಲ್ಲಿ ‘ದೂರದೃಷ್ಟಿ’ ಎಂಬ ಪದಕ್ಕೆ ಮುಂದಾಲೋಚನೆ ಎಂಬ ಅರ್ಥವೂ ಇದ್ದು, ‘ದೂರದೃಷ್ಟಿಯುಳ್ಳ ನಾಯಕ’ ಎಂದರೆ ಅದು ಹೊಗಳಿಕೆಯೇ ಆಗುತ್ತದೆ. ವೈದ್ಯಕೀಯದಲ್ಲಿ ಇದೇ ಪದವು ಹೈಪರ್‌ಮೆಟ್ರೋಪಿಯ ಎಂಬ ದೋಷವನ್ನು ಸೂಚಿಸುತ್ತದೆ. ಹೆಸರು ಕೇಳಿದರೆ ಈ ದೋಷವುಳ್ಳವರಿಗೆ ದೂರದ ನೋಟ ಸದಾ ಚೆನ್ನಾಗಿರುತ್ತದೆ ಎನಿಸುತ್ತದೆ. ಅದು ಪೂರ್ತಿ ನಿಜವಲ್ಲ. ದೋಷ ಹೆಚ್ಚಾಗಿದ್ದರೆ, ಅಥವಾ ವಯಸ್ಸು ಏರಿದಂತೆ, ದೂರದ ನೋಟವೂ ಮಸುಕಾಗುತ್ತದೆ.

ನಲವತ್ತರ ಆಸುಪಾಸಿನಲ್ಲಿ ಎಲ್ಲರಿಗೂ ಬರುವ, ಜನರು ‘ಚಾಳೀಸು’ ಎಂದು ಕರೆಯುವ ಸ್ಥಿತಿಯೇ ಬೇರೆ. ಅದರ ವೈದ್ಯಕೀಯ ಹೆಸರು ಪ್ರೆಸ್‌ಬಯೋಪಿಯ. ಕಣ್ಣಿನೊಳಗಿನ ಮಸೂರವು ಬಾಗುವ ಗುಣವನ್ನು ಕಳೆದುಕೊಳ್ಳುವುದು ಅದಕ್ಕೆ ಕಾರಣ. ಎರಡಕ್ಕೂ ಪೀನ ಮಸೂರದ, ಅಂದರೆ ‘ಪ್ಲಸ್’ ಸಂಖ್ಯೆಯ, ಕನ್ನಡಕವನ್ನೇ ಕೊಡುವುದರಿಂದ ಇವೆರಡೂ ಒಂದೇ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಈ ಲೇಖನದ ವಿಷಯ ಮೊದಲನೆಯದು ಮಾತ್ರ.

ದೂರದೃಷ್ಟಿಯ ಕಣ್ಣು

ವಯಸ್ಕರ ಕಣ್ಣುಗುಡ್ಡೆಯು ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಉದ್ದವಿರುತ್ತದೆ. ಹೊರಗಿನಿಂದ ಬಂದ ಬೆಳಕು ಮೊದಲು ಕಾರ್ನಿಯಾದಲ್ಲಿ, ಬಳಿಕ ಮಸೂರದಲ್ಲಿ ಬಾಗಿ, ಹಿಂಭಾಗದ ಅಕ್ಷಿಪಟಲದ ಮೇಲೆ ಕೂಡುತ್ತದೆ. ಕಣ್ಣಿನ ಒಟ್ಟು ವಕ್ರೀಭವನ ಸಾಮರ್ಥ್ಯವಾದ ಸುಮಾರು 60 ಡಯಾಪ್ಟರಿನಲ್ಲಿ ಕಾರ್ನಿಯಾದ ಪಾಲೇ 43ರಷ್ಟು. ಕಣ್ಣುಗುಡ್ಡೆಯ ಉದ್ದ 1 ಮಿಲಿಮೀಟರ್ ಕಡಿಮೆಯಾದರೆ ಸುಮಾರು 3 ಡಯಾಪ್ಟರಿನಷ್ಟು ದೂರದೃಷ್ಟಿ ಉಂಟಾಗುತ್ತದೆ. ಬೆಳಕಿನ ಕಿರಣಗಳು ಅಕ್ಷಿಪಟಲದ ಹಿಂದೆ ಕೂಡುವಂತಾಗುತ್ತವೆ. ಕೆಲವರಲ್ಲಿ ಕಣ್ಣಿನ ಉದ್ದ ಸರಿಯಿದ್ದು ಕಾರ್ನಿಯಾ ಚಪ್ಪಟೆಯಾಗಿರುವುದೂ ಉಂಟು. ನವಜಾತ ಶಿಶುಗಳ ಕಣ್ಣು ಸುಮಾರು 17 ಮಿಲಿಮೀಟರ್ ಉದ್ದವಿರುವುದರಿಂದ ಹೆಚ್ಚಿನ ಶಿಶುಗಳು ದೂರದೃಷ್ಟಿಯವರೇ. ಕಣ್ಣು ಬೆಳೆದಂತೆ ಅದು ತಾನಾಗಿಯೇ ತಗ್ಗುತ್ತದೆ.

ಗಿಡ್ಡ ಕಣ್ಣಿಗೆ ಇನ್ನೂ ಕೆಲವು ಲಕ್ಷಣಗಳಿವೆ. ಕಾರ್ನಿಯಾ ಮತ್ತು ಐರಿಸ್‌ಗಳ ನಡುವಿನ, ಜಲರಸ ತುಂಬಿದ ಜಾಗವನ್ನು ಮುಂಗೋಣೆ ಎನ್ನುತ್ತಾರೆ. ದೂರದೃಷ್ಟಿಯವರಲ್ಲಿ ಇದರ ಆಳ ಕಡಿಮೆ. ಜಲರಸವು ಹೊರಹರಿಯುವ ಅಂಚಿನ ಕೋನವೂ ಇಕ್ಕಟ್ಟಾಗಿರುತ್ತದೆ. ಕಾರ್ನಿಯಾದ ವ್ಯಾಸ ಅನೇಕರಲ್ಲಿ ಸಾಧಾರಣಕ್ಕಿಂತ ಚಿಕ್ಕದು. ನೋಟದ ರೇಖೆಯು ಪಾಪೆಯ ನಡುವಿನಲ್ಲಿ ಹಾಯದೆ ಮೂಗಿನ ಕಡೆಗೆ ಸರಿದಿರುವುದೂ ಇಂತಹ ಕಣ್ಣುಗಳಲ್ಲಿ ಹೆಚ್ಚು. ಮುಂದೆ ಹೇಳುವ ಪರಿಣಾಮಗಳಲ್ಲಿ ಬಹುಪಾಲು ಈ ಲಕ್ಷಣಗಳಿಂದಲೇ ಹುಟ್ಟುವಂಥವು.

ಹಿನ್ನೆಲೆ

ಕಾರ್ನಿಯಾದ ಆಕಾರ ಬದಲಿಸಿ ದೃಷ್ಟಿ ತಿದ್ದುವ ಪ್ರಯತ್ನಗಳು ಲೇಸರಿಗಿಂತ ಹಳೆಯವು. ಸ್ಪೇನ್ ಮೂಲದ ಹೋಸೆ ಬಾರ್ರಾಕೇರ್ ಅವರು ಕೊಲಂಬಿಯದ ಬೊಗೊಟಾದಲ್ಲಿ ಈ ದಿಕ್ಕಿನಲ್ಲಿ ಕೆಲಸ ಮಾಡಿದರು. ಕಾರ್ನಿಯಾದ ಮೇಲುಭಾಗವನ್ನು ತೆಳ್ಳಗೆ ಕತ್ತರಿಸಿ, ಹೆಪ್ಪುಗಟ್ಟಿಸಿ, ಕಡೆದು ಮತ್ತೆ ಸ್ವಸ್ಥಾನದಲ್ಲಿ ಕೂರಿಸುವುದು ಅವರ ಕ್ರಮವಾಗಿತ್ತು. ದೂರದೃಷ್ಟಿಗೆಂದೇ ಕಾರ್ನಿಯಾದ ಅಂಚನ್ನು ಶಾಖದಿಂದ ಕುಗ್ಗಿಸಿ ನಡುಭಾಗವನ್ನು ಉಬ್ಬಿಸುವ ವಿಧಾನಗಳೂ ಬಂದವು. ಆದರೆ ಅವುಗಳ ಫಲ ಕಾಲಕ್ರಮೇಣ ಕರಗಿಹೋಗುತ್ತಿತ್ತು.

ಈಗ ಬಳಸುವ ಎಕ್ಸೈಮರ್ ಲೇಸರ್ ಚಿಕಿತ್ಸೆಯ ಬುನಾದಿಯಲ್ಲಿ ಒಬ್ಬ ಭಾರತೀಯ ಮೂಲದ ವಿಜ್ಞಾನಿಯ ಕೆಲಸವಿದೆ. 1929ರಲ್ಲಿ ಮದ್ರಾಸಿನಲ್ಲಿ ಜನಿಸಿದ ರಂಗಸ್ವಾಮಿ ಶ್ರೀನಿವಾಸನ್ ಅವರು ಅಮೆರಿಕದ ಐಬಿಎಂ ಸಂಸ್ಥೆಯ ಸಂಶೋಧನಾಲಯದಲ್ಲಿ ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್ ಅವರೊಡನೆ ಸೇರಿ, 193 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಲೇಸರ್ ಕಿರಣವು ಜೀವಾಂಗಾಂಶವನ್ನು ಸುಡದೆಯೇ ಕೆತ್ತಬಲ್ಲದು ಎಂಬುದನ್ನು 1981ರಲ್ಲಿ ಕಂಡುಕೊಂಡರು. ಅವರು ಮೊದಲು ಪ್ರಯೋಗಿಸಿದ್ದು ಹಿಂದಿನ ದಿನದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ತುಣುಕಿನ ಮೇಲೆ. 1983ರಲ್ಲಿ ನ್ಯೂಯಾರ್ಕಿನ ನೇತ್ರತಜ್ಞ ಸ್ಟೀಫನ್ ಟ್ರೋಕೆಲ್ ಅವರು ಶ್ರೀನಿವಾಸನ್ ಅವರ ಜೊತೆಗೂಡಿ ಇದನ್ನು ದನದ ಕಾರ್ನಿಯಾಕ್ಕೆ ಅನ್ವಯಿಸಿದ ವಿವರಗಳು ಪ್ರಕಟವಾದವು. ಮೂವರೂ ಐಬಿಎಂ ವಿಜ್ಞಾನಿಗಳಿಗೆ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಮತ್ತು ನಾವೀನ್ಯ ಪದಕವನ್ನು 2013ರಲ್ಲಿ ಪ್ರದಾನ ಮಾಡಲಾಯಿತು. ಪದರವನ್ನು ಎತ್ತಿ ಅದರ ಅಡಿಯಲ್ಲಿ ಲೇಸರ್ ಪ್ರಯೋಗಿಸುವ ಲೇಸಿಕ್ ವಿಧಾನವನ್ನು 1990ರ ಹೊತ್ತಿಗೆ ರೂಪಿಸಿದವರಲ್ಲಿ ಗ್ರೀಸ್ ದೇಶದ ಕ್ರೀಟ್‌ನ ಇಯೋನಿಸ್ ಪಲ್ಲಿಕಾರಿಸ್ ಪ್ರಮುಖರು.

ಚಿಕಿತ್ಸೆಯ ಕ್ರಮ

ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಹೀರುಬಳೆಯಿಂದ ಅದನ್ನು ಅಲುಗದಂತೆ ಹಿಡಿದು, ಸೂಕ್ಷ್ಮ ಅಲಗಿನ ಸಾಧನದಿಂದ ಅಥವಾ ಫೆಮ್ಟೋಸೆಕೆಂಡ್ ಲೇಸರಿನಿಂದ ಕಾರ್ನಿಯಾದ ಮೇಲುಭಾಗದಲ್ಲಿ ತೆಳುವಾದ ಪದರವೊಂದನ್ನು ಬಿಡಿಸುತ್ತಾರೆ. ಫ್ಲ್ಯಾಪ್ ಎಂದು ಕರೆಯುವ ಈ ಪದರವು ಒಂದು ಕಡೆ ಬಿಜಾಗರಿಯಂತೆ ಅಂಟಿಕೊಂಡೇ ಇರುತ್ತದೆ. ಅದನ್ನು ಮಗುಚಿ, ಒಳಗೆ ತೆರೆದ ಸ್ಟ್ರೋಮಾ ಎಂಬ ದಪ್ಪ ಪದರದ ಮೇಲೆ ಎಕ್ಸೈಮರ್ ಲೇಸರ್ ಪ್ರಯೋಗಿಸಿ, ಮತ್ತೆ ಮುಚ್ಚುತ್ತಾರೆ. ಹೊಲಿಗೆ ಹಾಕುವುದಿಲ್ಲ.

ಲೇಸರಿನ ಪ್ರತಿಯೊಂದು ಮಿಡಿತವೂ ಮಿಲಿಮೀಟರಿನ ಸಾವಿರದ ಒಂದಂಶವಾದ ಮೈಕ್ರಾನಿನ ಕಾಲುಭಾಗದಷ್ಟನ್ನು ಮಾತ್ರ ತೆಗೆಯುತ್ತದೆ. ಎಷ್ಟು ಆಳ ತೆಗೆಯಬೇಕೆಂಬುದು ಎರಡು ಸಂಗತಿಗಳನ್ನು ಅವಲಂಬಿಸಿದೆ: ದೋಷದ ಪ್ರಮಾಣ ಮತ್ತು ತಿದ್ದಬೇಕಾದ ವೃತ್ತದ ವ್ಯಾಸ. 6 ಮಿಲಿಮೀಟರ್ ವ್ಯಾಸದ ವೃತ್ತಕ್ಕೆ ಸ್ಥೂಲವಾಗಿ ಡಯಾಪ್ಟರಿಗೆ 12 ಮೈಕ್ರಾನ್ ಎಂಬುದು ಪ್ರಸಿದ್ಧವಾದ ಲೆಕ್ಕ. ಸಮೀಪದೃಷ್ಟಿಯಲ್ಲಿ ಈ ಗರಿಷ್ಠ ಆಳ ಬರುವುದು ವೃತ್ತದ ನಡುವಿನಲ್ಲಿ. ದೂರದೃಷ್ಟಿಯಲ್ಲಿ ಅದು ವೃತ್ತದ ಅಂಚಿನಲ್ಲಿ. ಅಂದರೆ +4 ಡಯಾಪ್ಟರಿನ ಚಿಕಿತ್ಸೆಯಲ್ಲಿ ನಡುಬಿಂದುವಿನಿಂದ 3 ಮಿಲಿಮೀಟರ್ ದೂರದಲ್ಲಿ ಸುಮಾರು 48 ಮೈಕ್ರಾನಿನಷ್ಟು ಆಳದ ಉಂಗುರಾಕಾರದ ತಗ್ಗು ಉಂಟಾಗುತ್ತದೆ. ಈ ತಗ್ಗು ಹೊರಗಡೆಗೆ ಥಟ್ಟನೆ ಮುಗಿದರೆ ಮೆಟ್ಟಿಲಿನಂತಹ ಏಣು ಉಳಿಯುವುದರಿಂದ, ಸುಮಾರು 9 ಮಿಲಿಮೀಟರ್ ವ್ಯಾಸದವರೆಗೂ ಅದನ್ನು ಇಳಿಜಾರಾಗಿ ಬೆರೆಸಲಾಗುತ್ತದೆ. ಆದ್ದರಿಂದಲೇ ದೂರದೃಷ್ಟಿಯ ಚಿಕಿತ್ಸೆಗೆ ದೊಡ್ಡ ಫ್ಲ್ಯಾಪ್ ಬೇಕು. ಕಾರ್ನಿಯಾದ ಒಟ್ಟು ವ್ಯಾಸವೇ ಸುಮಾರು 11.5 ರಿಂದ 12 ಮಿಲಿಮೀಟರ್ ಎಂಬುದನ್ನು ನೆನೆದರೆ, ಚಿಕ್ಕ ಕಾರ್ನಿಯಾವುಳ್ಳವರಲ್ಲಿ ಜಾಗ ಎಷ್ಟು ಇಕ್ಕಟ್ಟು ಎಂಬುದು ತಿಳಿಯುತ್ತದೆ. ಫ್ಲ್ಯಾಪಿನ ಅಂಚು ಬಿಳಿಗುಡ್ಡೆಯ ಸಮೀಪಕ್ಕೆ ಹೋದಾಗ ಅಲ್ಲಿನ ಸಣ್ಣ ರಕ್ತನಾಳಗಳು ತುಂಡಾಗಿ ರಕ್ತ ಒಸರಬಹುದು.

ಕಾರ್ನಿಯಾದ ಆಕಾರದಲ್ಲಿ ಆಗುವ ಬದಲಾವಣೆ

ಕೋಟೆಯ ಸುತ್ತ ಕಂದಕ ತೋಡಿದರೆ ನಡುವಿನ ನೆಲವು ಏರಿದಂತೆ ಕಾಣುತ್ತದೆ. ನಿಜಕ್ಕೂ ಆ ನೆಲಕ್ಕೆ ಮಣ್ಣು ಸೇರಿರುವುದಿಲ್ಲ. ಕಾರ್ನಿಯಾದಲ್ಲಿ ಆಗುವುದೂ ಹಾಗೆಯೇ. ನಡುಭಾಗದ ದಪ್ಪ, ಸಾಧಾರಣವಾಗಿ ಸುಮಾರು 540 ಮೈಕ್ರಾನ್, ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಬದಲಾಗುವುದು ವಕ್ರತೆ. 43 ಡಯಾಪ್ಟರ್ ಸಾಮರ್ಥ್ಯದ ಕಾರ್ನಿಯಾಕ್ಕೆ +4ರ ಚಿಕಿತ್ಸೆ ನೀಡಿದರೆ ಅದರ ಅಳತೆ 46–47ರ ಆಸುಪಾಸಿಗೆ ಏರುತ್ತದೆ.

ಸಹಜ ಕಾರ್ನಿಯಾವು ಪೂರ್ಣ ಗೋಳದ ತುಣುಕಲ್ಲ. ನಡುವಿನಲ್ಲಿ ಹೆಚ್ಚು ಉಬ್ಬಿದ್ದು ಅಂಚಿನ ಕಡೆಗೆ ನಿಧಾನವಾಗಿ ಚಪ್ಪಟೆಯಾಗುತ್ತ ಹೋಗುತ್ತದೆ. ದೂರದೃಷ್ಟಿಯ ಚಿಕಿತ್ಸೆಯು ಈ ಗುಣವನ್ನು ಅತಿಯಾಗಿಸುತ್ತದೆ. ಪರಿಣಾಮವಾಗಿ ನಡುಭಾಗದ ಮೂಲಕ ಬಂದ ಕಿರಣಗಳಿಗಿಂತ ಹೊರಭಾಗದ ಕಿರಣಗಳು ಕಡಿಮೆ ಬಾಗುತ್ತವೆ. ಇದನ್ನು ಋಣಾತ್ಮಕ ಗೋಳೀಯ ವಿಪಥನ ಎನ್ನುತ್ತಾರೆ. ಇದರಿಂದ ಲಾಭವೂ ಇದೆ, ನಷ್ಟವೂ ಇದೆ. ಸ್ಪಷ್ಟವಾಗಿ ಕಾಣುವ ದೂರಗಳ ವ್ಯಾಪ್ತಿ ಸ್ವಲ್ಪ ಹಿಗ್ಗಿ, ಚಾಳೀಸಿನ ವಯಸ್ಸಿನವರಿಗೂ ಓದುವುದು ತುಸು ಸುಲಭವಾಗಬಹುದು. ಆದರೆ ಕತ್ತಲಲ್ಲಿ ಪಾಪೆ ಹಿಗ್ಗಿದಾಗ ದೀಪಗಳ ಸುತ್ತ ಪ್ರಭೆ ಕಾಣುವುದು, ಬಿಂಬದ ಗಾಢತೆ ಕುಗ್ಗುವುದು ಇದರ ಮತ್ತೊಂದು ಮುಖ.

ಉಬ್ಬಿಗೂ ಒಂದು ಮಿತಿ ಇದೆ. ಚಿಕಿತ್ಸೆಯ ನಂತರದ ಅಳತೆ 49–50 ಡಯಾಪ್ಟರನ್ನು ಮೀರಬಾರದು ಎಂಬುದು ಶಸ್ತ್ರಚಿಕಿತ್ಸಕರಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ನಿಯಮ. ಅದಕ್ಕಿಂತ ಕಡಿದಾದ ತುದಿಯ ಮೇಲೆ ಕಣ್ಣೀರಿನ ಪದರವು ಸಮವಾಗಿ ನಿಲ್ಲುವುದು ಕಷ್ಟ. ಮೇಲ್ಪೊರೆಯು ಅಲ್ಲಲ್ಲಿ ಸವೆದು ನೋಟ ಕೆಡಬಹುದು. ಅಮೆರಿಕದ ನಿಯಂತ್ರಣ ಸಂಸ್ಥೆಯು ಕೆಲವು ಯಂತ್ರಗಳಿಗೆ +6 ಡಯಾಪ್ಟರಿನವರೆಗೆ ಅನುಮತಿ ನೀಡಿದ್ದರೂ, ಅಷ್ಟು ದೂರ ಹೋಗಲು ಅನೇಕ ವೈದ್ಯರು ಒಪ್ಪುವುದಿಲ್ಲ. ಈ ಸಂಕೋಚ ಸಮಂಜಸವೆಂದೇ ಹೇಳಬೇಕು.

ಮೇಲ್ಪೊರೆಯ ಮರುಹೊಂದಾಣಿಕೆ

ಕಾರ್ನಿಯಾದ ಅತಿ ಹೊರಗಿನ ಪದರವಾದ ಮೇಲ್ಪೊರೆ ಸುಮಾರು 50 ಮೈಕ್ರಾನ್ ದಪ್ಪವಿದ್ದು, ಅದರ ಜೀವಕೋಶಗಳು ಒಂದು ವಾರದಿಂದ ಹತ್ತು ದಿನಗಳೊಳಗೆ ಪೂರ್ತಿ ಹೊಸದಾಗುತ್ತವೆ. ಇದಕ್ಕೆ ಒಂದು ವಿಶಿಷ್ಟ ಸ್ವಭಾವವಿದೆ: ಅಡಿಯ ಮೇಲ್ಮೈಯಲ್ಲಿ ತಗ್ಗು ಇದ್ದಲ್ಲಿ ದಪ್ಪವಾಗಿ, ಉಬ್ಬು ಇದ್ದಲ್ಲಿ ತೆಳುವಾಗಿ ಬೆಳೆದು ಒಟ್ಟಾರೆ ಮೈಯನ್ನು ನುಣುಪಾಗಿಸಲು ಅದು ಯತ್ನಿಸುತ್ತದೆ. ದೂರದೃಷ್ಟಿಯ ಲೇಸಿಕ್ ನಂತರ ನಡುವಿನ ಉಬ್ಬಿನ ಮೇಲೆ ಮೇಲ್ಪೊರೆ ತೆಳುವಾಗುವುದನ್ನೂ, ಸುತ್ತಲಿನ ಉಂಗುರದಲ್ಲಿ ದಪ್ಪವಾಗುವುದನ್ನೂ ಡ್ಯಾನ್ ರೈನ್‌ಸ್ಟೀನ್ ಮತ್ತು ಸಂಗಡಿಗರು ಅತ್ಯುಚ್ಚ ಆವರ್ತನದ ಅಲ್ಟ್ರಾಸೌಂಡ್ ಮೂಲಕ ಅಳೆದು ತೋರಿಸಿದ್ದಾರೆ.

ಹೂಳು ತುಂಬಿದ ಕೆರೆಯಂತೆ ಲೇಸರ್ ತೋಡಿದ ತಗ್ಗು ಭಾಗಶಃ ತುಂಬಿಕೊಂಡಾಗ, ಚಿಕಿತ್ಸೆಯ ಫಲವೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಸಮೀಪದೃಷ್ಟಿಯವರಿಗಿಂತ ದೂರದೃಷ್ಟಿಯವರಲ್ಲಿ ದೋಷ ಮರುಕಳಿಸುವುದು ಹೆಚ್ಚು ಎಂಬುದಕ್ಕೆ ಇದೊಂದು ಮುಖ್ಯ ಕಾರಣ. ಇನ್ನೊಂದು ಕಾರಣ ಕಾರ್ನಿಯಾದ ಹೊರಗಿದೆ. ಎಳೆಯ ವಯಸ್ಸಿನವರು ಮಸೂರವನ್ನು ಉಬ್ಬಿಸಿ ದೋಷದ ಒಂದು ಭಾಗವನ್ನು ತಮಗೇ ಅರಿವಿಲ್ಲದಂತೆ ಮರೆಮಾಡಿಕೊಂಡಿರುತ್ತಾರೆ. ವಯಸ್ಸಾದಂತೆ ಮಸೂರದ ಈ ಶಕ್ತಿ ಕುಂದಿ, ಅಡಗಿದ್ದ ದೋಷ ಹೊರಬರುತ್ತದೆ. ಚಿಕಿತ್ಸೆ ವಿಫಲವಾಯಿತೆಂದು ರೋಗಿ ಭಾವಿಸುತ್ತಾನೆ. ವಾಸ್ತವವಾಗಿ ಕಾಣಿಸಿಕೊಂಡಿರುವುದು ಮೊದಲೇ ಇದ್ದ ದೋಷ. ಸಿಲಿಯರಿ ಸ್ನಾಯುವನ್ನು ಸಡಿಲಿಸುವ ಹನಿ ಹಾಕಿ, ಅಡಗಿದ ದೋಷವನ್ನೂ ಮೊದಲೇ ಅಳೆಯಬೇಕು ಎನ್ನುವುದು ಇದಕ್ಕಾಗಿ.

ಫ್ಲ್ಯಾಪ್ ಮಾಡದೆ ಮೇಲ್ಪೊರೆಯನ್ನು ತೆಗೆದು ನೇರವಾಗಿ ಲೇಸರ್ ಪ್ರಯೋಗಿಸುವ ಪಿಆರ್‌ಕೆ ವಿಧಾನದಲ್ಲಿ ಗಾಯ ಮಾಯಲು ಹೆಚ್ಚು ದಿನ ಬೇಕು. ಮೇಲ್ಪೊರೆಯ ಕೆಳಗಿರುವ ಬೋಮನ್ ಪದರವೂ ಲೇಸರ್ ತಾಗಿದಲ್ಲಿ ಹೋಗುತ್ತದೆ. ಅದು ಮರಳಿ ಬೆಳೆಯುವುದಿಲ್ಲ. ಕೆಲವರಲ್ಲಿ ಉಂಗುರಾಕಾರದ ತೆಳು ಮಬ್ಬು ಉಳಿಯಬಹುದು.

ನರಗಳು ಮತ್ತು ಕಣ್ಣೀರು

ದೇಹದಲ್ಲಿ ಅತಿ ಹೆಚ್ಚು ನರತಂತುಗಳಿರುವ ಅಂಗಾಂಶಗಳಲ್ಲಿ ಕಾರ್ನಿಯಾ ಒಂದು. ಮುಖದ ಸ್ಪರ್ಶಜ್ಞಾನವನ್ನು ಸಾಗಿಸುವ ತ್ರಿಶಾಖಾ ನರದ ಕವಲುಗಳು ಅಂಚಿನಿಂದ ಒಳಹೊಕ್ಕು ನಡುಭಾಗದ ಕಡೆಗೆ ಹರಡುತ್ತವೆ. ಫ್ಲ್ಯಾಪ್ ಕತ್ತರಿಸುವಾಗ ಬಿಜಾಗರಿಯ ಭಾಗವೊಂದನ್ನು ಬಿಟ್ಟು ಉಳಿದೆಡೆ ಇವು ತುಂಡಾಗುತ್ತವೆ. ಕಣ್ಣು ಒಣಗಿದೆ ಎಂಬ ಸಂದೇಶವು ಮೆದುಳಿಗೆ ಸರಿಯಾಗಿ ತಲುಪದೆ ಕಣ್ಣೀರಿನ ಸ್ರಾವವೂ ರೆಪ್ಪೆ ಮಿಟುಕಿಸುವಿಕೆಯೂ ತಗ್ಗುತ್ತವೆ. ಸ್ಪರ್ಶಜ್ಞಾನವು ಬಹುತೇಕ ಆರು ತಿಂಗಳಿಂದ ಒಂದು ವರ್ಷದೊಳಗೆ ಮರಳುತ್ತದೆ. ನರಜಾಲದ ಹಿಂದಿನ ಸಾಂದ್ರತೆ ಮರಳಲು ಇನ್ನೂ ಹಲವು ವರ್ಷಗಳೇ ಹಿಡಿಯಬಹುದು. ದೂರದೃಷ್ಟಿಯವರಲ್ಲಿ ಫ್ಲ್ಯಾಪ್ ದೊಡ್ಡದು, ತಗ್ಗು ಅಂಚಿನ ಕಡೆಗೆ ಇರುವುದು, ನಡುಭಾಗ ಕಡಿದಾಗಿರುವುದು ಇವೆಲ್ಲವೂ ಸೇರಿ ಒಣಗಣ್ಣಿನ ತೊಂದರೆಯನ್ನು ಹೆಚ್ಚಿಸುತ್ತವೆ.

ಗಟ್ಟಿತನ

ಕತ್ತರಿಸಿದ ಪದರವು ಅಂಚಿನಲ್ಲಿ ಗಾಯದ ಕಲೆಯೊಂದಿಗೆ ಕೂಡಿಕೊಂಡರೂ ಒಳಮೈಯಲ್ಲಿ ಮೊದಲಿನಷ್ಟು ಬಿಗಿಯಾಗಿ ಬೆಸೆಯುವುದಿಲ್ಲ. ವರ್ಷಗಳ ನಂತರವೂ ಕಣ್ಣಿಗೆ ಬಲವಾದ ಪೆಟ್ಟು ಬಿದ್ದರೆ ಅದು ಸರಿಯುವ ಸಾಧ್ಯತೆ ಇದೆ. ಕಾರ್ನಿಯಾ ದುರ್ಬಲವಾಗಿ ಮುಂದಕ್ಕೆ ಚಾಚಿಕೊಳ್ಳುವ ಎಕ್ಟೇಸಿಯಾ ಎಂಬ ತೊಡಕು ಮಾತ್ರ ದೂರದೃಷ್ಟಿಯ ಚಿಕಿತ್ಸೆಯಲ್ಲಿ ವಿರಳ. ಅತಿ ತೆಳುವಾದ ನಡುಭಾಗದಿಂದ ಲೇಸರ್ ಏನನ್ನೂ ತೆಗೆಯದಿರುವುದು ಇದಕ್ಕೆ ಕಾರಣ.

ನೋಟದ ರೇಖೆ ಮತ್ತು ಪಾಪೆಯ ನಡು

ಉಬ್ಬಿನ ತುದಿ ಎಲ್ಲಿ ಬರಬೇಕು ಎಂಬುದು ಈ ಚಿಕಿತ್ಸೆಯ ಸೂಕ್ಷ್ಮವಾದ ಪ್ರಶ್ನೆ. ಪಾಪೆಯ ನಡುವನ್ನೇ ಕೇಂದ್ರವೆಂದು ಹಿಡಿಯುವುದು ಸುಲಭ. ಆದರೆ ದೂರದೃಷ್ಟಿಯವರಲ್ಲಿ ನೋಟದ ರೇಖೆಯು ಅದಕ್ಕಿಂತ ಮೂಗಿನ ಕಡೆಗೆ ಸರಿದಿರುತ್ತದೆ. ಹೀಗೆ ಕೇಂದ್ರ ತಪ್ಪಿದರೆ ದೀಪದ ಚುಕ್ಕೆಗೆ ಧೂಮಕೇತುವಿನಂತೆ ಬಾಲ ಮೂಡುತ್ತದೆ, ಹೊಸದಾಗಿ ಅಸ್ಟಿಗ್ಮ್ಯಾಟಿಸಂ ಸೇರಿಕೊಳ್ಳುತ್ತದೆ. ಈ ದೋಷಗಳನ್ನು ಕನ್ನಡಕ ಪೂರ್ತಿಯಾಗಿ ತಿದ್ದಲಾರದು. ಹೀಗಾಗಿ ರೋಗಿಯು ನೇರವಾಗಿ ಬೆಳಕನ್ನು ದಿಟ್ಟಿಸುವಾಗ ಕಾರ್ನಿಯಾದ ಮೇಲೆ ಹೊಳೆಯುವ ಪ್ರತಿಬಿಂಬದ ಸುತ್ತ ಚಿಕಿತ್ಸೆಯನ್ನು ಕೇಂದ್ರೀಕರಿಸುವ ಕ್ರಮವನ್ನು ಅನೇಕರು ಅನುಸರಿಸುತ್ತಾರೆ.

ಬದಲಾಗದೆ ಉಳಿಯುವ ಭಾಗಗಳು

ಕಣ್ಣುಗುಡ್ಡೆಯ ಉದ್ದ, ಮುಂಗೋಣೆಯ ಆಳ, ಐರಿಸ್, ಮಸೂರ, ಅಕ್ಷಿಪಟಲ, ದೃಷ್ಟಿನರ ಇವು ಯಾವುವನ್ನೂ ಲೇಸರ್ ಮುಟ್ಟುವುದಿಲ್ಲ. 193 ನ್ಯಾನೋಮೀಟರ್ ಕಿರಣವು ಕಾರ್ನಿಯಾದ ಮೇಲುಪದರದಲ್ಲೇ ಹೀರಲ್ಪಡುವುದರಿಂದ ಒಳಗೆ ಹೋಗುವುದೇ ಇಲ್ಲ. ಬಾಲ್ಯದಲ್ಲಿ ಒಂದು ಕಣ್ಣಿನ ದೋಷವನ್ನು ಸರಿಪಡಿಸದೆ ಉಂಟಾದ ಮಂದದೃಷ್ಟಿಯು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದಾದ್ದರಿಂದ ಅದೂ ಇದರಿಂದ ಗುಣವಾಗದು. ಚಾಳೀಸೂ ತನ್ನ ಕಾಲಕ್ಕೆ ಬಂದೇ ಬರುತ್ತದೆ.

ಇವುಗಳಲ್ಲಿ ಹೆಚ್ಚು ಗಮನಿಸಬೇಕಾದದ್ದು ಮುಂಗೋಣೆ. ಮಸೂರವು ಜೀವನಪೂರ್ತಿ ದಪ್ಪವಾಗುತ್ತಲೇ ಹೋಗುತ್ತದೆ. ಗಿಡ್ಡ ಕಣ್ಣಿನಲ್ಲಿ ಅದು ಐರಿಸನ್ನು ಮುಂದಕ್ಕೆ ತಳ್ಳಿ, ಮೊದಲೇ ಇಕ್ಕಟ್ಟಾಗಿದ್ದ ಕೋನವನ್ನು ಮುಚ್ಚಿಬಿಡಬಹುದು. ಆಗ ಜಲರಸ ಹೊರಹರಿಯದೆ ಕಣ್ಣಿನ ಒತ್ತಡ ಥಟ್ಟನೆ ಏರುತ್ತದೆ. ಇದೇ ಕೋನ ಮುಚ್ಚುವ ಬಗೆಯ ಗ್ಲಾಕೋಮಾ. ತೀವ್ರ ಕಣ್ಣುನೋವು, ಕೆಂಪು, ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆಗಳು ಇದರ ಲಕ್ಷಣಗಳು. ಕೂಡಲೇ ಚಿಕಿತ್ಸೆ ಸಿಗದಿದ್ದರೆ ದೃಷ್ಟಿನರವು ಶಾಶ್ವತವಾಗಿ ಹಾಳಾಗುತ್ತದೆ. ದಪ್ಪ ಪ್ಲಸ್ ಕನ್ನಡಕ ಧರಿಸಿದವರನ್ನು ಕಂಡ ವೈದ್ಯರಿಗೆ ಈ ಸಾಧ್ಯತೆ ತಟ್ಟನೆ ಹೊಳೆಯುತ್ತದೆ. ಲೇಸರ್ ಮಾಡಿಸಿಕೊಂಡವರ ಮುಖದ ಮೇಲೆ ಆ ಸುಳಿವು ಇರುವುದಿಲ್ಲ. ಆದ್ದರಿಂದ ಹಿಂದೆ ದೂರದೃಷ್ಟಿ ಇತ್ತೆಂಬುದನ್ನು ಮುಂದಿನ ಪ್ರತಿ ಪರೀಕ್ಷೆಯಲ್ಲೂ ತಿಳಿಸುವುದು ಅಗತ್ಯ. ಕೋನ ಅಪಾಯಕಾರಿಯಾಗಿ ಕಿರಿದಾಗಿದ್ದರೆ ಐರಿಸಿನಲ್ಲಿ ಲೇಸರಿನಿಂದ ಸಣ್ಣ ರಂಧ್ರ ಮಾಡುವ ಚಿಕಿತ್ಸೆ ಇದೆ. ಅದು ದೃಷ್ಟಿ ತಿದ್ದುವ ಲೇಸರಿಗಿಂತ ಬೇರೆಯಾದುದು.

ಪೊರೆಯ ಶಸ್ತ್ರಚಿಕಿತ್ಸೆಯ ಮೇಲೆ ಪರಿಣಾಮ

ಕಣ್ಣಿನ ಪೊರೆ ತೆಗೆದಾಗ ಒಳಗೆ ಇರಿಸುವ ಕೃತಕ ಮಸೂರದ ಸಂಖ್ಯೆಯನ್ನು ಕಣ್ಣಿನ ಉದ್ದ ಮತ್ತು ಕಾರ್ನಿಯಾದ ಸಾಮರ್ಥ್ಯಗಳಿಂದ ಲೆಕ್ಕಹಾಕುತ್ತಾರೆ. ಕಾರ್ನಿಯಾವನ್ನು ಅಳೆಯುವ ಸಾಮಾನ್ಯ ಯಂತ್ರವು ನಡುಬಿಂದುವನ್ನು ನೇರವಾಗಿ ಅಳೆಯುವುದಿಲ್ಲ. ಸುಮಾರು 3 ಮಿಲಿಮೀಟರ್ ವ್ಯಾಸದ ಬಳೆಯೊಂದರ ಮೇಲೆ ಅಳೆದು ಉಳಿದುದನ್ನು ಊಹಿಸುತ್ತದೆ. ಜೊತೆಗೆ, ಕಾರ್ನಿಯಾದ ಮುಂಮೈ ಮತ್ತು ಹಿಂಮೈಗಳ ವಕ್ರತೆಯ ನಡುವೆ ಸಹಜ ಅನುಪಾತವಿದೆಯೆಂದೂ ನಂಬಿಕೊಂಡಿರುತ್ತದೆ. ಲೇಸರ್ ಮುಂಮೈಯನ್ನು ಮಾತ್ರ ಬದಲಿಸಿರುವುದರಿಂದ ಈ ನಂಬಿಕೆ ಸುಳ್ಳಾಗುತ್ತದೆ. ದೂರದೃಷ್ಟಿಯ ಲೇಸಿಕ್ ಆದವರಲ್ಲಿ ಯಂತ್ರವು ಕಾರ್ನಿಯಾದ ನಿಜ ಸಾಮರ್ಥ್ಯಕ್ಕಿಂತ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ಆರಿಸಿದ ಮಸೂರ ಅಗತ್ಯಕ್ಕಿಂತ ಪ್ರಬಲವಾಗಿ, ಜೀವನವಿಡೀ ದೂರದೃಷ್ಟಿ ಇದ್ದವರು ಪೊರೆ ತೆಗೆಸಿಕೊಂಡ ಮೇಲೆ ಸಮೀಪದೃಷ್ಟಿಯವರಾಗಿಬಿಡಬಹುದು. ಸಮೀಪದೃಷ್ಟಿಯ ಲೇಸಿಕ್ ಆದವರಲ್ಲಿ ತಪ್ಪು ಇದಕ್ಕೆ ವಿರುದ್ಧ ದಿಕ್ಕಿನದು.

ಇದನ್ನು ನಿವಾರಿಸಲು ಬ್ಯಾರೆಟ್ ಟ್ರೂ-ಕೆ, ಹೈಗಿಸ್-ಎಲ್ ಮುಂತಾದ ವಿಶೇಷ ಸೂತ್ರಗಳಿವೆ. ಲೇಸರಿಗೆ ಮುನ್ನ ಇದ್ದ ಕನ್ನಡಕದ ಸಂಖ್ಯೆ ಮತ್ತು ಚಿಕಿತ್ಸೆ ನೆಲೆಗೊಂಡ ನಂತರದ ಸಂಖ್ಯೆ ಲಭ್ಯವಿದ್ದರೆ ಈ ಲೆಕ್ಕಗಳಿಗೆ ನೆರವಾಗುತ್ತದೆ. ಮೂವತ್ತರಲ್ಲಿ ಮಾಡಿಸಿದ ಲೇಸರಿನ ಚೀಟಿ ಎಪ್ಪತ್ತರಲ್ಲಿ ಬೇಕಾಗುತ್ತದೆ. ಅಷ್ಟು ಕಾಲ ಆಸ್ಪತ್ರೆಯ ಕಡತ ಉಳಿದೀತೆಂಬ ಭರವಸೆ ಇಲ್ಲದ್ದರಿಂದ, ಮನೆಯ ದಾಖಲೆಪತ್ರಗಳ ಜೊತೆಗೆ ಅದನ್ನೂ ಕಾಪಿಡಬೇಕು. ಕೃತಕ ಮಸೂರದ ಬಗೆಯನ್ನು ಆರಿಸುವಾಗಲೂ ಹಳೆಯ ಚಿಕಿತ್ಸೆಯ ಬಗ್ಗೆ ತಿಳಿದಿರಬೇಕಾಗುತ್ತದೆ. ಈಗ ಬಳಕೆಯಲ್ಲಿರುವ ಅನೇಕ ಮಸೂರಗಳನ್ನು ಸಹಜ ಕಾರ್ನಿಯಾದ ಧನಾತ್ಮಕ ವಿಪಥನವನ್ನು ಸರಿದೂಗಿಸಲು ಋಣಾತ್ಮಕ ವಿಪಥನವಿರುವಂತೆ ತಯಾರಿಸಲಾಗಿದೆ. ದೂರದೃಷ್ಟಿಯ ಲೇಸಿಕ್ ಆದ ಕಾರ್ನಿಯಾದಲ್ಲಿ ಋಣಾತ್ಮಕ ವಿಪಥನ ಮೊದಲೇ ಇರುವುದರಿಂದ, ಅಂಥವರಿಗೆ ವಿಪಥನವಿಲ್ಲದ ಅಥವಾ ಹಳೆಯ ಮಾದರಿಯ ಗೋಳೀಯ ಮಸೂರವೇ ಹೆಚ್ಚು ಹೊಂದುತ್ತದೆ.